ನಡತೆಗೆ ಪುರಾವೆ ಯಾರು ಕೊಡಬೇಕಿತ್ತು? ವಿಕ್ಟೋರಿಯಾ ಕಾಲದ ಶೀಲ ಮತ್ತು ಬಡತನ

ಪ್ರಶ್ನೆ: ನಾನು ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕಿ. ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳನ್ನು ಪಾಠ ಮಾಡುವ ಮೊದಲು ಹಿನ್ನೆಲೆಗಾಗಿ ವಿಕ್ಟೋರಿಯಾ ಕಾಲದ ಸಮಾಜದ ಬಗ್ಗೆ ಎರಡು ತರಗತಿ ತೆಗೆದುಕೊಳ್ಳುತ್ತೇನೆ. ಗೈಡುಗಳಲ್ಲಿ ಒಂದು ಪುಟದ ತುಂಬ ಶ್ರಮ, ಮಿತವ್ಯಯ, ಶೀಲ, ದೈವಭಕ್ತಿ ಎಂದಿರುತ್ತದೆ. ಪುಟ ತಿರುವಿದರೆ ಬಾಲಕಾರ್ಮಿಕರು, ಕೊಳೆಗೇರಿ, ವೇಶ್ಯಾವೃತ್ತಿ. ಎರಡೂ ಒಂದೇ ಸಮಾಜದಲ್ಲಿ ಹೇಗಿದ್ದವು ಎಂದು ಮಕ್ಕಳು ಕೇಳಿದರೆ "ಅವರು ಆಷಾಢಭೂತಿಗಳು" ಎಂದು ಹೇಳಿ ಮುಗಿಸುತ್ತೇನೆ, ಆದರೆ ಆ ಉತ್ತರ ನನಗೇ ಸಮಾಧಾನ ಕೊಟ್ಟಿಲ್ಲ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು "ಬಡತನ ಆಗ ಎಲ್ಲ ದೇಶದಲ್ಲೂ ಇತ್ತು, ಆ ಶಿಸ್ತು ಮಾತ್ರ ಅಲ್ಲಿತ್ತು" ಎನ್ನುತ್ತಾರೆ. ಕಳೆದ ವರ್ಷ ಒಬ್ಬ ಹುಡುಗ ಎದ್ದು ನಿಂತು "ಮೇಡಂ, ಇದು ನಮ್ಮ ಜಾತಿಯ ಹಾಗೆಯೇ ಅಲ್ಲವೇ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇದನ್ನೆಲ್ಲ ಯಾವ ಎಳೆಯಲ್ಲಿ ಹೆಣೆಯಲಿ? ಪಿಯಾನೋದ ಕಾಲಿಗೂ ಬಟ್ಟೆ ತೊಡಿಸುತ್ತಿದ್ದರೆಂಬುದು ನಿಜವೇ?

ಉತ್ತರ: ನೀವು ಸಿಕ್ಕಿಹಾಕಿಕೊಳ್ಳುವ ಜಾಗ ನನಗೆ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಸಾಮಾಜಿಕ ಇತಿಹಾಸವನ್ನು ಪಾಠ ಹೇಳಿದ ಮೂವತ್ತು ವರ್ಷಗಳಲ್ಲಿ ಮೊದಲ ಏಳೆಂಟು ವರ್ಷ ನಾನೂ ಅದೇ ಆಷಾಢಭೂತಿಯ ಉತ್ತರ ಕೊಟ್ಟು ಗಂಟೆ ಹೊಡೆಯುವುದನ್ನು ಕಾಯುತ್ತಿದ್ದೆ. ನಿಮ್ಮನ್ನು ಕಾಡುತ್ತಿರುವುದು ಮಾಹಿತಿಯ ಕೊರತೆಯಲ್ಲ. ಎರಡು ಪಟ್ಟಿಗಳು ಕೈಯಲ್ಲಿವೆ, ಅವುಗಳ ನಡುವಿನ ಸಂಬಂಧ ಕಾಣುತ್ತಿಲ್ಲ. ನನ್ನ ಮಟ್ಟಿಗೆ ಆ ಸಂಬಂಧ ಇಷ್ಟು: ಶೀಲವಂತರಾಗಿರಬೇಕೆಂಬ ನಿರೀಕ್ಷೆ ಆ ಸಮಾಜದಲ್ಲಿ ಎಲ್ಲರ ಮೇಲೂ ಇತ್ತು, ಆದರೆ ಅದಕ್ಕೆ ಪುರಾವೆ ಒದಗಿಸುವ ಹೊಣೆ ಮಾತ್ರ ಎಲ್ಲರ ಮೇಲಿರಲಿಲ್ಲ. ಉಳ್ಳವನಿಗೆ ಶೀಲವಿದೆಯೆಂದು ಮೊದಲೇ ಒಪ್ಪಿಕೊಳ್ಳಲಾಗುತ್ತಿತ್ತು. ಇಲ್ಲದವನು ತನಗೆ ಶೀಲವಿದೆಯೆಂದು ತೋರಿಸಿಕೊಟ್ಟ ಮೇಲೆಯೇ ಕೆಲಸ, ನೆರವು, ಕೊನೆಗೆ ಮತದ ಹಕ್ಕು ಕೂಡ ಸಿಗಬೇಕಿತ್ತು.

ಇದು ನನ್ನ ಅಲಂಕಾರದ ಮಾತಲ್ಲ, ಆ ಕಾಲದ ಭಾಷೆಯಲ್ಲೇ ಇರುವ ಸಂಗತಿ. ಮನೆಗೆಲಸದ ಹೆಂಗಸು ಒಂದು ಮನೆ ಬಿಟ್ಟು ಇನ್ನೊಂದು ಮನೆ ಸೇರಬೇಕಾದರೆ ಹಳೆಯ ಯಜಮಾನಿ ಬರೆದುಕೊಟ್ಟ ಪತ್ರ ಬೇಕಿತ್ತು. ಆ ಪತ್ರದ ಹೆಸರೇ 'ಕ್ಯಾರೆಕ್ಟರ್'. ಅಂದರೆ ಆಕೆಯ ನಡತೆ ಆಕೆಯೊಳಗಿರುವ ಗುಣವಾಗಿರದೆ, ಇನ್ನೊಬ್ಬರ ಕೈಬರಹದಲ್ಲಿ ಮಡಚಿಟ್ಟ ಕಾಗದವಾಗಿತ್ತು. ಆ ಪತ್ರವನ್ನು ಕೊಡಲೇಬೇಕೆಂಬ ಕಟ್ಟಳೆ ಕಾನೂನಿನಲ್ಲಿರಲಿಲ್ಲ, ಕೊಡದಿದ್ದರೆ ಕೇಳುವವರಿರಲಿಲ್ಲ, ಯಜಮಾನಿಯ ನಡತೆಯ ಬಗ್ಗೆ ಆಳು ಬರೆದುಕೊಡುವ ಪತ್ರವಂತೂ ಯಾರ ಕಲ್ಪನೆಯಲ್ಲೂ ಇರಲಿಲ್ಲ. 1891ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 13 ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಗೆಲಸದಲ್ಲಿದ್ದರು ಎಂಬುದನ್ನು ನೆನಪಿಟ್ಟರೆ ಆ ಕಾಗದದ ತೂಕ ಗೊತ್ತಾಗುತ್ತದೆ.

ಮೊದಲು ದಂತಕಥೆಗಳನ್ನು ಬದಿಗಿಡೋಣ. ಪಿಯಾನೋದ ಕಾಲಿನ ಕಥೆ ಇಂಗ್ಲೆಂಡಿನದ್ದೇ ಅಲ್ಲ. ಫ್ರೆಡರಿಕ್ ಮ್ಯಾರಿಯಟ್ ಎಂಬ ಇಂಗ್ಲಿಷ್ ನೌಕಾಧಿಕಾರಿ 1839ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ, ಅಮೆರಿಕದ ಬಾಲಕಿಯರ ಶಾಲೆಯೊಂದರ ಪಿಯಾನೋ ಕಾಲುಗಳಿಗೆ ನೆರಿಗೆಯ ಪುಟ್ಟ ಚಡ್ಡಿ ತೊಡಿಸಿದ್ದನ್ನು ಕಂಡೆನೆಂದು ಬರೆದು ಅಮೆರಿಕನ್ನರನ್ನು ಗೇಲಿ ಮಾಡಿದ್ದ. ಆ ಗೇಲಿಯನ್ನು ಮುಂದಿನವರು ಇಂಗ್ಲೆಂಡಿನವರಿಗೇ ಅಂಟಿಸಿದರು. ರಾಣಿ ವಿಕ್ಟೋರಿಯಾಳೂ ಪ್ರೀತಿ ಪ್ರಣಯದ ಮಾತಿಗೆ ಮುಖ ತಿರುಗಿಸುವವಳಾಗಿರಲಿಲ್ಲ. ಗಂಡ ಆಲ್ಬರ್ಟ್‌ನ ಬಗ್ಗೆ ಆಕೆ ದಿನಚರಿಯಲ್ಲಿ ಬರೆದಿರುವುದು ಸಾಕಷ್ಟು ಮುಚ್ಚುಮರೆಯಿಲ್ಲದೆ ಇದೆ.

ಜನವೆಲ್ಲ ಭಾನುವಾರ ಬಂತೆಂದರೆ ಚರ್ಚಿನಲ್ಲಿರುತ್ತಿದ್ದರು ಎಂಬುದು ಎರಡನೆಯ ದಂತಕಥೆ, ಮೊದಲನೆಯದಕ್ಕಿಂತ ಮುಖ್ಯವಾದದ್ದು. 1851ರ ಮಾರ್ಚ್ 30ರ ಭಾನುವಾರ ಸರ್ಕಾರವೇ ದೇಶದ ಪ್ರಾರ್ಥನಾ ಮಂದಿರಗಳಿಗೆ ಬಂದವರ ತಲೆ ಎಣಿಸಿತು. ಬರಲು ಶಕ್ತರಾಗಿದ್ದೂ ಬಾರದವರು 52 ಲಕ್ಷಕ್ಕೂ ಹೆಚ್ಚೆಂದು ಅಧಿಕಾರಿಗಳ ಅಂದಾಜು ಹೇಳಿತು, ದೊಡ್ಡ ಊರುಗಳ ಕೂಲಿ ಜನವೇ ಅವರಲ್ಲಿ ಹೆಚ್ಚು. ಮರ್ಯಾದಸ್ಥ ಇಂಗ್ಲೆಂಡಿಗೆ ಅದು ಆಘಾತವಾಯಿತು. ನಮಗೆ ಇದರಿಂದ ತಿಳಿಯುವುದೇನೆಂದರೆ, ನೀತಿಯೆಂಬುದು ಬಡವರನ್ನು ಮುಟ್ಟಿದ್ದು ಉಪದೇಶದ ಪೀಠದಿಂದ ಮಾತ್ರವಲ್ಲ. ನೆರವು ಹಂಚುವ ಕಚೇರಿಯ ಮೇಜು, ಕಾರ್ಖಾನೆಯ ಗೇಟು, ಯಜಮಾನಿಯ ಅಡುಗೆಮನೆಯ ಬಾಗಿಲು ಇವೇ ಅದರ ಮುಖ್ಯ ದಾರಿಗಳಾಗಿದ್ದವು.

ಮೂರನೆಯದು ದಂತಕಥೆಯಲ್ಲ, ತಪ್ಪು ಓದು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಸರ್ಕಾರಿ ಅಧಿಕಾರಿ ದುಡಿಯುವ ಜನರ ನೈರ್ಮಲ್ಯದ ಸ್ಥಿತಿಯ ಬಗ್ಗೆ ಕೊಟ್ಟ ವರದಿಯಲ್ಲಿ ಮ್ಯಾಂಚೆಸ್ಟರಿನ ಕೂಲಿ ಕುಟುಂಬಗಳಲ್ಲಿ ಸಾವಿನ ಸರಾಸರಿ ವಯಸ್ಸು 17 ಎಂದಿದೆ. ಇದನ್ನು ಕಂಡ ವಿದ್ಯಾರ್ಥಿಗಳು ಹದಿನೇಳಕ್ಕೇ ಎಲ್ಲರೂ ಸಾಯುತ್ತಿದ್ದರೆಂದು ಬರೆಯುತ್ತಾರೆ. ಹಾಗಲ್ಲ, ಎಳೆ ಮಕ್ಕಳ ಸಾವುಗಳು ಅಷ್ಟಿದ್ದುದರಿಂದ ಸರಾಸರಿ ಅಲ್ಲಿಗೆ ಇಳಿದಿತ್ತು. ಆದರೆ ಆ ಕೋಷ್ಟಕದಲ್ಲಿ ನಿಜವಾಗಿ ನಿಂತು ನೋಡಬೇಕಾದ ಅಂಕಿ ಬೇರೆಯೇ ಇದೆ. ಮ್ಯಾಂಚೆಸ್ಟರಿನ ಸಿರಿವಂತರ ಮತ್ತು ವೃತ್ತಿವಂತರ ಸರಾಸರಿ 38. ಹಳ್ಳಿಗಾಡಿನ ರಟ್‌ಲೆಂಡ್ ಜಿಲ್ಲೆಯ ಕೂಲಿಯವರ ಸರಾಸರಿಯೂ 38. ದೊಡ್ಡ ಊರಿನ ಶ್ರೀಮಂತನಿಗೂ ಹಳ್ಳಿಯ ಕೂಲಿಗೂ ಒಂದೇ ಆಯಸ್ಸು ಎಂದಾದ ಮೇಲೆ, ಕುಡಿತ, ಸೋಮಾರಿತನ, ದುರ್ನಡತೆಗಳೇ ಬಡವನನ್ನು ಕೊಲ್ಲುತ್ತಿವೆ ಎಂಬ ವಾದ ನಿಲ್ಲುವುದು ಕಷ್ಟ. ಕೊಲ್ಲುತ್ತಿದ್ದುದರಲ್ಲಿ ಚರಂಡಿ, ನೀರು, ಇಕ್ಕಟ್ಟುಗಳ ಪಾಲು ದೊಡ್ಡದು.

ಸ್ವಾರಸ್ಯವೆಂದರೆ ಈ ಚಾಡ್ವಿಕ್‌ನೇ ಎಂಟು ವರ್ಷ ಹಿಂದೆ, 1834ರ ಹೊಸ ಬಡವರ ಕಾಯ್ದೆಯನ್ನು ರೂಪಿಸಿದವರಲ್ಲಿ ಪ್ರಮುಖ. ನಿಮ್ಮ ಎರಡು ಪಟ್ಟಿಗಳನ್ನು ಸೇರಿಸುವ ಕೊಂಡಿ ಈ ಕಾಯ್ದೆಯಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅದಕ್ಕೆ ಮೊದಲು ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ಸುತ್ತಲಿನ ಸ್ಥಳೀಯ ಆಡಳಿತ ವಲಯ, ತನ್ನ ಬಡವರಿಗೆ ಸ್ಥಳೀಯ ತೆರಿಗೆಯಿಂದ ನೆರವು ಕೊಡುತ್ತಿತ್ತು. ಹಲವೆಡೆ ಕೂಲಿ ಸಾಲದವನಿಗೆ ರೊಟ್ಟಿಯ ಬೆಲೆ ನೋಡಿ ಮೇಲೊಂದಿಷ್ಟು ತುಂಬಿಕೊಡುವ ರೂಢಿಯೂ ಇತ್ತು. 1830ರ ದಶಕದ ಆರಂಭದಲ್ಲಿ ಈ ಖರ್ಚು ವರ್ಷಕ್ಕೆ ಸುಮಾರು 70 ಲಕ್ಷ ಪೌಂಡ್ ಮುಟ್ಟಿದಾಗ ತೆರಿಗೆ ಕಟ್ಟುವವರು ಗೊಣಗತೊಡಗಿದರು. ಜನಸಂಖ್ಯೆ ಅನ್ನಕ್ಕಿಂತ ವೇಗವಾಗಿ ಬೆಳೆಯುತ್ತದೆಂಬ ಅರ್ಥಶಾಸ್ತ್ರಜ್ಞ ಮಾಲ್ಥಸ್‌ನ ವಾದ ಓದಿದವರ ಬಾಯಲ್ಲಿತ್ತು. ಧರ್ಮಶ್ರದ್ಧೆಯ ಮಧ್ಯಮ ವರ್ಗಕ್ಕೆ ಸಂಯಮವೇ ಪರಮ ಗುಣವಾಗಿತ್ತು. ತೆರಿಗೆ ಉಳಿಸುವ ಆಸೆ ಮತ್ತು ಶೀಲ ತಿದ್ದುವ ಹಂಬಲ ಎರಡೂ ಒಂದೇ ಕಾಯ್ದೆಯಲ್ಲಿ ಕೂಡಿಕೊಂಡವು. ಅವುಗಳಲ್ಲಿ ಯಾವುದು ನಿಜವಾದ ಉದ್ದೇಶ, ಯಾವುದು ನೆಪ ಎಂದು ಬಿಡಿಸಲು ಹೋದವರೆಲ್ಲ ಸೋತಿದ್ದಾರೆ. ಹಲವರಲ್ಲಿ ಅವೆರಡೂ ಪ್ರಾಮಾಣಿಕವಾಗಿಯೇ ಇದ್ದವು ಎನ್ನುವುದು ನನ್ನ ಅಭಿಪ್ರಾಯ.

ಕಾಯ್ದೆಯ ತಿರುಳು ಇಷ್ಟು: ಮೈಯಲ್ಲಿ ಶಕ್ತಿಯಿರುವವನಿಗೆ ನೆರವು ಬೇಕಿದ್ದರೆ ಅವನು ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆಯೊಳಗೆ ಬರಬೇಕು, ಮತ್ತು ಅಲ್ಲಿಯ ಬಾಳು ಹೊರಗಿನ ತೀರ ಬಡ ಕೂಲಿಯವನ ಬಾಳಿಗಿಂತ ಕೀಳಾಗಿರಬೇಕು. ಒಳಗೆ ಕಾಲಿಟ್ಟೊಡನೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಅದು ಸೆರೆಮನೆಯಲ್ಲ, ಮುಂಚಿತವಾಗಿ ತಿಳಿಸಿ ಯಾರೂ ಹೊರಗೆ ಹೋಗಬಹುದಿತ್ತು. ಅದೇ ಅದರ ಜಾಣತನ. ಇಷ್ಟು ಕೀಳು ಬಾಳಿಗೂ ಒಪ್ಪಿ ಬಂದವನಾದರೆ ಅವನ ಕಷ್ಟ ನಿಜ, ಒಪ್ಪದಿದ್ದರೆ ಅವನಿಗೆ ನೆರವೇ ಬೇಕಿರಲಿಲ್ಲ ಎಂದು ಲೆಕ್ಕ. ಬಡತನಕ್ಕೆ ಪುರಾವೆಯಾಗಿ ಅವಮಾನವನ್ನೇ ಕೇಳಿದ ಹಾಗೆ. ಹ್ಯಾಂಪ್‌ಶೈರಿನ ಆಂಡೋವರ್ ವರ್ಕ್‌ಹೌಸಿನಲ್ಲಿ ಗೊಬ್ಬರಕ್ಕೆಂದು ಪ್ರಾಣಿಗಳ ಮೂಳೆ ಕುಟ್ಟುವ ಕೆಲಸಕ್ಕೆ ಹಚ್ಚಿದ್ದವರು ಹಸಿವು ತಾಳದೆ ಆ ಮೂಳೆಗಳೊಳಗಿನ ಮಜ್ಜೆಯನ್ನು ಚೀಪುತ್ತಿದ್ದುದು 1845ರಲ್ಲಿ ಹೊರಬಿದ್ದು, ಸಂಸತ್ತಿನ ಸಮಿತಿ ಕೂತು, 1847ರಲ್ಲಿ ಬಡವರ ಕಾಯ್ದೆಯ ಆಯೋಗವೇ ಹೋಗಿ ಬೇರೆ ಮಂಡಳಿ ಬಂತು. ವರ್ಕ್‌ಹೌಸುಗಳು ಉಳಿದವು. ಇಲ್ಲಿ ಒಂದು ಎಚ್ಚರ ಬೇಕು: ನೆರವು ಪಡೆದವರಲ್ಲಿ ಬಹುಪಾಲು ಜನ ವರ್ಕ್‌ಹೌಸಿನ ಒಳಗಿರಲಿಲ್ಲ, ತಮ್ಮ ಮನೆಗಳಲ್ಲೇ ಅಲ್ಪಸ್ವಲ್ಪ ನೆರವು ಪಡೆಯುತ್ತಿದ್ದ ಮುದುಕರು, ವಿಧವೆಯರು, ರೋಗಿಗಳು. ಆದರೆ ವರ್ಕ್‌ಹೌಸಿನ ಭಯಕ್ಕೆ ಗೋಡೆಗಳಿರಲಿಲ್ಲ. ಈ ನೆರವು ಪಡೆದವನು ಮತದ ಹಕ್ಕು ಕಳೆದುಕೊಳ್ಳುತ್ತಿದ್ದ. ಆ ನಿರ್ಬಂಧ ಹೋದದ್ದು 1918ರಲ್ಲಿ.

ಇದೇ ಕಾಯ್ದೆ ಮದುವೆಯಿಲ್ಲದೆ ಹುಟ್ಟಿದ ಮಗುವಿನ ಹೊಣೆಯನ್ನು ಪೂರ್ತಿಯಾಗಿ ತಾಯಿಯ ಮೇಲೆ ಹೊರಿಸಿತು. ಆಕೆಗೆ ಶೀಲವಿದ್ದಿದ್ದರೆ ಮಗು ಹುಟ್ಟುತ್ತಲೇ ಇರಲಿಲ್ಲ ಎಂಬ ತರ್ಕ. ತಂದೆಯ ಶೀಲದ ವಿಚಾರ ಕಡತಕ್ಕೆ ಬರಲಿಲ್ಲ. ಹತ್ತು ವರ್ಷದ ಬಳಿಕ, 1844ರಲ್ಲಿ, ತಾಯಿಯೇ ನ್ಯಾಯಾಧೀಶರ ಮುಂದೆ ಹೋಗಿ ತಂದೆಯಿಂದ ಪೋಷಣೆಯ ಹಣ ಕೇಳಬಹುದೆಂದು ತಿದ್ದಿದರು. ಪುರಾವೆಯ ಹೊಣೆ ಆಗಲೂ ಆಕೆಯದೇ.

ತರಗತಿಯಲ್ಲಿ ಇದನ್ನು ಕಾಯ್ದೆಗಳ ಪಟ್ಟಿಯಾಗಿ ಹೇಳಿದರೆ ಮಕ್ಕಳು ಬರೆದುಕೊಂಡು ಮರೆಯುತ್ತಾರೆ. ನಾನು ಹೇಳುತ್ತಿದ್ದುದು ಕೈಗವಸಿನ ಕಥೆ. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1849ರಿಂದ ಲಂಡನ್ನಿನ ಬೀದಿಯಲ್ಲಿ ದುಡಿಯುವವರನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡ. ಅವನಿಗೆ ಸಿಕ್ಕವರಲ್ಲಿ ಬೀದಿಯ ನಾಯಿಗಳ ಹೇಲನ್ನು ಆರಿಸಿ ಬಕೆಟ್ಟಿನಲ್ಲಿ ತುಂಬಿ ಬರ್ಮಂಡ್ಸಿಯ ಚರ್ಮ ಹದ ಮಾಡುವವರಿಗೆ ಮಾರುತ್ತಿದ್ದ ಮುದುಕಿಯರಿದ್ದರು. ಬಕೆಟ್ಟಿಗೆ ಎಂಟು ಹತ್ತು ಪೆನ್ನಿ, ಒಳ್ಳೆಯ ಸರಕಾದರೆ ಅದಕ್ಕೂ ಮೇಲೆ. ಚರ್ಮವನ್ನು ಶುದ್ಧ ಮಾಡುವ ವಸ್ತುವಾದ್ದರಿಂದ ಆ ವ್ಯಾಪಾರದಲ್ಲಿ ಅದಕ್ಕಿದ್ದ ಹೆಸರು 'ಪ್ಯೂರ್', ಅಂದರೆ ಶುದ್ಧ. ಹೀಗೆ ಹದವಾದ ಆಡಿನ ನಯವಾದ ಚರ್ಮ ಹೋಗುತ್ತಿದ್ದುದು ಒಳ್ಳೆಯ ಚಮ್ಮಾರರಿಗೆ, ಪುಸ್ತಕದ ರಟ್ಟು ಕಟ್ಟುವವರಿಗೆ, ಕೈಗವಸು ಹೊಲಿಯುವವರಿಗೆ. ಭಾನುವಾರದ ಬಿಳಿ ಕೈಗವಸು ಮತ್ತು ಆ ಮುದುಕಿಯ ಬಕೆಟ್ಟು ಬೇರೆ ಬೇರೆ ಪಟ್ಟಿಗಳಿಗೆ ಸೇರಿದವಲ್ಲ ಎಂದು ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ಸಿಕ್ಕಿಲ್ಲ. ಅವರಲ್ಲಿ ಒಬ್ಬಾಕೆ ಹಿಂದೆ ಅನುಕೂಲಸ್ಥಳಾಗಿದ್ದವಳು. ವರ್ಕ್‌ಹೌಸಿಗೆ ಹೋಗುವುದಕ್ಕಿಂತ ಬೀದಿಯಲ್ಲಿ ಸಾಯುವುದೇ ಮೇಲೆಂದು ಆಕೆ ಹೇಳಿದ್ದಳು.

ಅದೇ ಮೇಹ್ಯೂಗೆ ವಾಟರ್‌ಕ್ರೆಸ್ ಎಂಬ ಸೊಪ್ಪಿನ ಕಟ್ಟು ಮಾರುವ ಎಂಟು ವರ್ಷದ ಹುಡುಗಿ ಸಿಕ್ಕಿದಳು. ತೆಳ್ಳನೆಯ ಶಾಲು ಹೊದ್ದು, ಕಾಲಿಗೆ ದೊಡ್ಡದಾದ ಚಪ್ಪಲಿ ಎಳೆಯುತ್ತಾ ನಡೆಯುತ್ತಿದ್ದ ಅವಳಿಗೆ ಒಂದು ಶಿಲ್ಲಿಂಗಿಗೆ ಎಷ್ಟು ಪೆನ್ನಿ ಎಂಬುದು ಗೊತ್ತಿತ್ತು, ಪೆನ್ನಿಗೆ ನಾಲ್ಕು ಕಟ್ಟು ಕೊಟ್ಟರೆ ಎಷ್ಟು ಉಳಿಯುತ್ತದೆಂಬುದು ಗೊತ್ತಿತ್ತು. ತಾನು ಮಗುವಲ್ಲ, ಎಂಟು ದಾಟಿದವಳು ಎಂದಳು. ಆಟಿಕೆ, ಉದ್ಯಾನ ಎಂದು ಅವನು ಮಾತು ತೆಗೆದಾಗ, ತನ್ನಂಥವರನ್ನು ಅಲ್ಲಿ ಒಳಗೆ ಬಿಡುತ್ತಾರೆಯೇ, ಸುಮ್ಮನೆ ನೋಡಲಿಕ್ಕೆ, ಎಂದು ಕೇಳಿದಳು. ಆಗ ಪ್ರಶಂಸೆಗೆ ಪಾತ್ರವಾಗಿದ್ದ ಗುಣಗಳನ್ನೆಲ್ಲ ಒಂದೊಂದಾಗಿ ಎಣಿಸಿ ನೋಡಿ: ಶ್ರಮ, ಮಿತವ್ಯಯ, ಹೊತ್ತಿಗೆ ಏಳುವುದು, ಗಳಿಸಿದ್ದನ್ನು ತಾಯಿಯ ಕೈಗೆ ಕೊಡುವುದು. ಎಲ್ಲವೂ ಅವಳಲ್ಲಿದ್ದವು. ಉದ್ಯಾನದ ಗೇಟಿನಲ್ಲಿ ತನ್ನನ್ನು ಬಿಡುತ್ತಾರೋ ಇಲ್ಲವೋ ಎಂಬ ಅನುಮಾನ ಮಾತ್ರ ಉಳಿದಿತ್ತು.

ಬಡತನಕ್ಕೆ ಬಡವನ ನಡತೆಯೇ ಕಾರಣವೆಂಬ ವಾದವನ್ನು ಶತಮಾನದ ಕೊನೆಯಲ್ಲಿ ಎಣಿಕೆಯೇ ಕೆಡವಿತು. 1869ರಲ್ಲಿ ಹುಟ್ಟಿದ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಬಡವರ ಮನೆಗೆ ಹೋಗಿ, ನೆರೆಹೊರೆಯಲ್ಲಿ ವಿಚಾರಿಸಿ, ಅರ್ಹರು ಮತ್ತು ಅನರ್ಹರು ಎಂದು ವಿಂಗಡಿಸಿ ನೆರವು ಕೊಡುತ್ತಿತ್ತು. ಅದರ ಕಾರ್ಯಕರ್ತರು ಕಟುಕರಲ್ಲ, ಬೀದಿ ಸುತ್ತಿ ಬೂಟು ಸವೆಸಿದವರು. ಆದರೆ ಅವರು ಹುಡುಕುತ್ತಿದ್ದುದು ನಡತೆಯ ದೋಷವನ್ನು, ಹಾಗಾಗಿ ಸಿಕ್ಕಿದ್ದೂ ಅದೇ. ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿ ಲಂಡನ್ನಿನ ಬೀದಿ ಬೀದಿಗೂ ಬಣ್ಣ ಹಚ್ಚಿ ನಕ್ಷೆ ಮಾಡಿ, ಊರಿನ ಜನರಲ್ಲಿ ಶೇ. 30.7ರಷ್ಟು ಬಡತನದಲ್ಲಿದ್ದಾರೆಂದು ತೋರಿಸಿದ. ಯಾರ್ಕ್ ಊರಿನಲ್ಲಿ ಸೀಬೋಮ್ ರೌಂಟ್ರಿ 1899ರಲ್ಲಿ ಸಮೀಕ್ಷೆ ನಡೆಸಿದಾಗ ಅಲ್ಲಿಯ ಅಂಕಿ ಶೇ. 27.84. ರೌಂಟ್ರಿ ಕೋಕೋ ಚಾಕೊಲೇಟಿನ ಕಾರ್ಖಾನೆಯ ಮನೆತನದವನು, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕಟ್ಟುನಿಟ್ಟಿನ ಮನುಷ್ಯ. ಅವನು ಹಾಕಿಕೊಂಡ ಬಡತನದ ಗೆರೆ ಎಷ್ಟು ಬಿಗಿಯಾಗಿತ್ತೆಂದರೆ, ಗಂಡ ಹೆಂಡತಿ ಮತ್ತು ಮೂರು ಮಕ್ಕಳ ಕುಟುಂಬಕ್ಕೆ ವಾರಕ್ಕೆ 21 ಶಿಲ್ಲಿಂಗ್ 8 ಪೆನ್ಸ್. ಅದರಲ್ಲಿ ಬಸ್ಸಿನ ಕಾಸಿಲ್ಲ, ಅರ್ಧ ಪೆನ್ನಿಯ ಪತ್ರಿಕೆಯಿಲ್ಲ, ದೂರದ ಮಗನಿಗೆ ಕಾಗದ ಬರೆಯಲು ಅಂಚೆಚೀಟಿಯಿಲ್ಲ, ಮಕ್ಕಳಿಗೆ ಗೋಲಿ ಮಿಠಾಯಿಯಿಲ್ಲ, ಅಪ್ಪನಿಗೆ ತಂಬಾಕಿಲ್ಲ. ಇಷ್ಟು ಸಾಧುವಾಗಿ ಬಾಳಿದರೂ ಹೊಟ್ಟೆ ತುಂಬದವರು ಊರಿನ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲಿ ಒಬ್ಬರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಡತನಕ್ಕೆ ಕಾರಣ ಕುಡಿತವೂ ಅಲ್ಲ, ನಿರುದ್ಯೋಗವೂ ಅಲ್ಲ. ಪೂರ್ತಿ ದಿನ ದುಡಿದು ಪಡೆದ ಕೂಲಿಯೇ ಸಾಲುತ್ತಿರಲಿಲ್ಲ. ನಿಮ್ಮ ಸಹೋದ್ಯೋಗಿಗೆ ತೋರಿಸಬೇಕಾದದ್ದು ಈ ಕೋಷ್ಟಕ. ಶಿಸ್ತು ಇತ್ತು, ಅವರ ಮಾತು ಸುಳ್ಳಲ್ಲ. ಶಿಸ್ತಿಗೆ ಕೂಲಿ ಇರಲಿಲ್ಲ.

ಹೆಣ್ಣು ಗಂಡಿನ ನಡುವೆ ಈ ಪುರಾವೆಯ ಲೆಕ್ಕ ಇನ್ನೂ ಸ್ಪಷ್ಟ. 1857ರ ವಿಚ್ಛೇದನ ಕಾಯ್ದೆಯ ಪ್ರಕಾರ ಹೆಂಡತಿ ವ್ಯಭಿಚಾರ ಮಾಡಿದಳೆಂದು ತೋರಿಸಿದರೆ ಗಂಡನಿಗೆ ಬಿಡುಗಡೆ. ಗಂಡ ವ್ಯಭಿಚಾರ ಮಾಡಿದನೆಂದು ಹೆಂಡತಿ ತೋರಿಸಿದರೆ ಸಾಲದು, ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದು ಹೋದುದನ್ನೋ, ಅಂಥ ಇನ್ನೊಂದು ಅಪರಾಧವನ್ನೋ ತೋರಿಸಬೇಕು. ಇದು ಸಮವಾದದ್ದು 1923ರಲ್ಲಿ. ಸೈನಿಕರಿಗೆ ಹರಡುತ್ತಿದ್ದ ಲೈಂಗಿಕ ರೋಗಗಳನ್ನು ತಡೆಯಲೆಂದು 1864ರಿಂದ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಗಳು, ಸೈನ್ಯ ಬೀಡುಬಿಟ್ಟ ಊರುಗಳಲ್ಲಿ ವೇಶ್ಯೆಯೆಂದು ಪೊಲೀಸರಿಗೆ ಅನುಮಾನ ಬಂದ ಯಾವ ಹೆಂಗಸನ್ನಾದರೂ ದೇಹಪರೀಕ್ಷೆಗೆ ಒಳಪಡಿಸಿ, ರೋಗವಿದ್ದರೆ ಆಸ್ಪತ್ರೆಯಲ್ಲಿ ಕೂಡಿಹಾಕಲು ಅವಕಾಶ ಕೊಟ್ಟವು. ಸೈನಿಕರಿಗೆ ಪರೀಕ್ಷೆಯಿಲ್ಲ. ಯಾಕಿಲ್ಲವೆಂಬುದಕ್ಕೆ 1871ರ ರಾಜ ಆಯೋಗ ಕೊಟ್ಟ ಸಮಜಾಯಿಷಿ ಇದು: ಹೆಂಗಸು ಆ ತಪ್ಪನ್ನು ಹಣಕ್ಕಾಗಿ ಮಾಡುತ್ತಾಳೆ, ಗಂಡಸಿನದು ಸಹಜ ಪ್ರವೃತ್ತಿಯ ಅಡ್ಡದಾರಿ ಮಾತ್ರ. ಇದನ್ನು ವಿರೋಧಿಸಿ ದೇಶವೆಲ್ಲ ಸುತ್ತಿದ ಜೋಸೆಫೀನ್ ಬಟ್ಲರ್ ತಾನೇ ಪಾದ್ರಿಯೊಬ್ಬನ ಹೆಂಡತಿ, ಕಟ್ಟಾ ಕ್ರೈಸ್ತಳು. ಕಾಯ್ದೆಗಳು ರದ್ದಾದದ್ದು 1886ರಲ್ಲಿ. ಆಷಾಢಭೂತಿತನದ ಉತ್ತರ ಸಾಲುವುದಿಲ್ಲ ಎನ್ನುವುದಕ್ಕೆ ಆಕೆಯೇ ಸಾಕ್ಷಿ: ಅದೇ ನೀತಿಯ ಮಾತನ್ನು ಹಿಡಿದುಕೊಂಡು, ಪುರಾವೆ ಕೇಳುವುದಾದರೆ ಗಂಡಸರನ್ನೂ ಕೇಳಿ ಎಂದಳು.

ಈಗ ತರಗತಿಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮುಂದೆ ಮೂರು ನಾಲ್ಕು ದಾರಿಗಳಿವೆ, ಯಾವುದೂ ಅಪಾಯವಿಲ್ಲದ್ದಲ್ಲ. ಆಷಾಢಭೂತಿತನದ ದಾರಿ ಸುಲಭ, ಕಾದಂಬರಿಗಳಿಗೂ ಹೊಂದುತ್ತದೆ. ಆದರೆ ಅದು ವ್ಯವಸ್ಥೆಯ ಪ್ರಶ್ನೆಯನ್ನು ವ್ಯಕ್ತಿಗಳ ಕೆಟ್ಟತನಕ್ಕೆ ಇಳಿಸುತ್ತದೆ, ಕೂತು ಕೇಳುವ ಮಕ್ಕಳಿಗೆ ತಾವು ಅವರಿಗಿಂತ ಒಳ್ಳೆಯವರೆಂಬ ಹುಸಿ ಸಮಾಧಾನವನ್ನೂ ಕೊಡುತ್ತದೆ. ಕಾಲಕ್ರಮೇಣ ಸುಧಾರಣೆಯಾಯಿತು ಎಂಬ ಪ್ರಗತಿಯ ಕಥೆಯೂ ಇದೆ: 1833ರ ಕಾರ್ಖಾನೆ ಕಾಯ್ದೆ, 1842ರ ಗಣಿ ಕಾಯ್ದೆ, 1847ರ ಹತ್ತು ಗಂಟೆಯ ಕಾಯ್ದೆ, ಹೀಗೆ. ಪರೀಕ್ಷೆಗೆ ಇದು ಅನುಕೂಲ. ಆದರೆ ಗಣಿ ಕಾಯ್ದೆಯನ್ನೇ ನೋಡಿ. ಹೆಂಗಸರು, ಹುಡುಗಿಯರು, ಹತ್ತು ವರ್ಷದೊಳಗಿನ ಹುಡುಗರು ಗಣಿಯೊಳಗೆ ಇಳಿಯಬಾರದೆಂದು ಸಂಸತ್ತು ಒಪ್ಪಿದ್ದರ ಹಿಂದೆ, ಅರೆಬೆತ್ತಲೆ ಹುಡುಗಿಯರು ಸರಪಳಿ ಕಟ್ಟಿಕೊಂಡು ಕಲ್ಲಿದ್ದಲಿನ ಬಂಡಿ ಎಳೆಯುವ ಚಿತ್ರಗಳು ವರದಿಯಲ್ಲಿದ್ದುದರ ಪಾಲು ದೊಡ್ಡದು. ದಣಿವಿಗಿಂತ ಬೆತ್ತಲೆ ಹೆಚ್ಚು ಕಣ್ಣಿಗೆ ಬಿತ್ತು. ಕೆಲಸ ಕಳೆದುಕೊಂಡ ಹೆಂಗಸರಿಗೆ ಬದಲಿ ಸಂಪಾದನೆ ಏನೆಂದು ಕಾಯ್ದೆ ಹೇಳಲಿಲ್ಲ. ಪ್ರಗತಿಯ ಕಥೆ ಹೇಳುವುದಾದರೆ ಈ ಮುಳ್ಳನ್ನು ಕೀಳದೆ ಹೇಳಬೇಕು.

ಮಧ್ಯಮ ವರ್ಗ ತನ್ನ ಶೀಲವನ್ನು ಬಡವರ ಮೇಲೆ ಹೇರಿ ಅವರನ್ನು ಹತೋಟಿಯಲ್ಲಿಟ್ಟಿತು ಎಂಬ ವಿವರಣೆ ವಿಶ್ವವಿದ್ಯಾಲಯಗಳಲ್ಲಿ ಈಗ ಹೆಚ್ಚು ಚಲಾವಣೆಯಲ್ಲಿದೆ, ನಿಜವೂ ಅದರಲ್ಲಿ ಹೆಚ್ಚಿದೆ. ಅದರ ಅಪಾಯ, ಬಡವರನ್ನು ಬೊಂಬೆಗಳನ್ನಾಗಿ ಮಾಡುವುದು. ಮರ್ಯಾದೆ ಅವರಿಗೂ ಬೇಕಿತ್ತು, ತಮ್ಮದೇ ಕಾರಣಗಳಿಗೆ. ರೊಚ್‌ಡೇಲ್ ಎಂಬ ಊರಿನ 28 ಜನ ಕೆಲಸಗಾರರು 1844ರಲ್ಲಿ ಕಲಬೆರಕೆಯಿಲ್ಲದ ಹಿಟ್ಟು, ಸಕ್ಕರೆ, ಬೆಣ್ಣೆಯನ್ನು ಸಾಲವಿಲ್ಲದೆ ಮಾರುವ ಸಹಕಾರಿ ಅಂಗಡಿ ತೆರೆದದ್ದು ಯಾರ ಉಪದೇಶ ಕೇಳಿಯೂ ಅಲ್ಲ. ಮನೆಯಲ್ಲಿ ಅನ್ನವಿಲ್ಲದಿದ್ದರೂ ವಾರವಾರ ಶವಸಂಸ್ಕಾರದ ಚೀಟಿಗೆ ಪೆನ್ನಿ ಕಟ್ಟುವವರನ್ನು ಮಧ್ಯಮ ವರ್ಗದವರು ದುಂದುಗಾರರೆಂದು ಬೈಯುತ್ತಿದ್ದರು. ಆದರೆ 1832ರ ಕಾಯ್ದೆಯ ಪ್ರಕಾರ ವರ್ಕ್‌ಹೌಸಿನಲ್ಲಿ ಸತ್ತು ವಾರಸುದಾರರಿಲ್ಲದ ಹೆಣ ವೈದ್ಯ ವಿದ್ಯಾರ್ಥಿಗಳ ಚಾಕುವಿಗೆ ಹೋಗುತ್ತಿತ್ತು ಎಂಬುದು ಕಟ್ಟುವವರಿಗೆ ಗೊತ್ತಿತ್ತು.

ಹೀಗಾಗಿ ನಾನು ಕೊನೆಗೆ ಹಿಡಿದ ದಾರಿ, ಯಾವುದೇ ಕಾಯ್ದೆ, ಪಾತ್ರ, ಪ್ರಸಂಗ ಬಂದರೂ ಮಕ್ಕಳಿಂದ ಒಂದೇ ಪ್ರಶ್ನೆ ಕೇಳಿಸುವುದು: ಇಲ್ಲಿ ನಡತೆಗೆ ಪುರಾವೆ ಕೊಡಬೇಕಾದವರು ಯಾರು, ಕೇಳುವವರು ಯಾರು, ಕೊಡಲಾಗದಿದ್ದರೆ ಕಳೆದುಕೊಳ್ಳುವುದೇನು? ಇದಕ್ಕೂ ಮಿತಿಯಿದೆ. ವರ್ಗ, ಬಂಡವಾಳ, ಕೂಲಿಯ ಮಾರುಕಟ್ಟೆ ಇವುಗಳ ವಿವರಣೆಯನ್ನು ಇದು ತಾನಾಗಿ ಕೊಡುವುದಿಲ್ಲ. ಅದನ್ನು ನೀವು ಬೇರೆಯಾಗಿ ಸೇರಿಸಬೇಕಾಗುತ್ತದೆ, ಇಲ್ಲದಿದ್ದರೆ ಬಡತನವೆಲ್ಲ ಮನೋಭಾವದ ಸಮಸ್ಯೆಯೆಂದು ಮಕ್ಕಳು ತಿಳಿದಾರು.

ಜಾತಿಯ ಬಗ್ಗೆ ಕೇಳಿದ ಹುಡುಗನ ಪ್ರಶ್ನೆ ಒಳ್ಳೆಯದು, ಅದನ್ನು ತಳ್ಳಿಹಾಕಬೇಡಿ, ಹೌದೆಂದೂ ಬಿಡಬೇಡಿ. ಸಿರಿವಂತ ತನ್ನ ಕೋಟೆಯಲ್ಲಿ, ಬಡವ ಅವನ ಬಾಗಿಲಲ್ಲಿ ಇರುವುದು ದೇವರ ಏರ್ಪಾಡೆಂದು ಮಕ್ಕಳ ಬಾಯಲ್ಲಿ ಹಾಡಿಸುತ್ತಿದ್ದ ಭಜನೆ 1848ರಲ್ಲಿ ಅಚ್ಚಾಯಿತು. ಅಷ್ಟರ ಮಟ್ಟಿಗೆ ಹೋಲಿಕೆ ಇದೆ. ಆದರೆ ಅಲ್ಲಿ ಬಡವನನ್ನು ಮುಟ್ಟಿದರೆ ಮೈಲಿಗೆಯಾಗುತ್ತದೆಂಬ ಶಾಸ್ತ್ರವಿರಲಿಲ್ಲ, ಆಳಿನ ಕೈ ಅಡುಗೆಯನ್ನೇ ಒಡೆಯ ಉಣ್ಣುತ್ತಿದ್ದ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ: ಅಲ್ಲಿಯ ಬಡವನಿಗೆ, ನೀನು ನಡತೆ ತಿದ್ದಿಕೊಂಡರೆ ಮೇಲೇರಬಹುದು ಎಂದು ಹೇಳಲಾಗುತ್ತಿತ್ತು, ಏರದಿದ್ದರೆ ತಪ್ಪು ಅವನದೇ ಎಂದಾಗುತ್ತಿತ್ತು. ಜಾತಿ ಅಂಥ ಭರವಸೆಯನ್ನೇ ಕೊಡುವುದಿಲ್ಲ. ಈ ಜನ್ಮದಲ್ಲಿ ಎಂಥ ಪುರಾವೆ ತಂದರೂ ಅದು ನಡೆಯದು.

ಹೋಲಿಕೆಗಿಂತ ನೇರ ಸಂಬಂಧಗಳನ್ನು ತೋರಿಸುವುದು ನನಗೆ ಹೆಚ್ಚು ಉಪಯುಕ್ತವೆನಿಸಿದೆ, ಏಕೆಂದರೆ ಅವು ನಮ್ಮೂರಿನ ತನಕ ಬರುತ್ತವೆ. ಸಾಂಕ್ರಾಮಿಕ ರೋಗಗಳ ಕಾಯ್ದೆಯ ಭಾರತದ ರೂಪ 1868ರಲ್ಲಿ ಬಂತು. ಸೈನ್ಯದ ನೆಲೆಯಾಗಿದ್ದ ಬೆಂಗಳೂರು ದಂಡಿನಲ್ಲೂ ಬಳ್ಳಾರಿಯಲ್ಲೂ ಲೈಂಗಿಕ ರೋಗವಿದ್ದ ಹೆಂಗಸರನ್ನು ಇರಿಸುವ, 'ಲಾಕ್ ಆಸ್ಪತ್ರೆ' ಎಂದು ಕರೆಯುತ್ತಿದ್ದ ಆಸ್ಪತ್ರೆಗಳಿದ್ದವು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 1878ರ ನಡುವೆ, ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಮೇಲೆ ಒಂದಿಷ್ಟು ಕಾಸು ಸಾಕೆಂದು ಬ್ರಿಟಿಷ್ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ನಿಗದಿ ಮಾಡಿದ. ನೆರವು ಆಕರ್ಷಕವಾಗಿರಬಾರದು, ನಿಜವಾಗಿ ಹಸಿದವನು ಮಾತ್ರ ಬರಬೇಕು ಎಂಬ ಅದರ ಹಿಂದಿನ ತರ್ಕ 1834ರ ವರ್ಕ್‌ಹೌಸಿನ ತರ್ಕವೇ. ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಪ್ರತಿಭಟಿಸಿದ ಮೇಲೆ ಕೂಲಿಯನ್ನು ಏರಿಸಿದರು. ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷವಿದ್ದದ್ದು 1881ರಲ್ಲಿ 41.86 ಲಕ್ಷಕ್ಕೆ ಇಳಿದಿತ್ತು. ಬರದ ನಡುವೆಯೇ, 1877ರ ಜನವರಿ 1ರಂದು, ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ದೆಹಲಿಯ ದರ್ಬಾರಿನಲ್ಲಿ ಘೋಷಿಸಲಾಯಿತು.

ಸಮಯ ಸಾಲದಿದ್ದರೆ ಇವೆಲ್ಲವನ್ನೂ ಬಿಟ್ಟು 1869ರ ಭಾರತೀಯ ವಿಚ್ಛೇದನ ಕಾಯ್ದೆಯೊಂದನ್ನೇ ಇಟ್ಟುಕೊಳ್ಳಿ. ಇಂಗ್ಲೆಂಡಿನ 1857ರ ಲೆಕ್ಕವನ್ನು ಅದು ಇಲ್ಲಿಯ ಕ್ರೈಸ್ತರಿಗೆ ಹಾಗೆಯೇ ತಂದಿತು: ಗಂಡನಿಗೆ ಒಂದು ಪುರಾವೆ, ಹೆಂಡತಿಗೆ ಎರಡು. ಇಂಗ್ಲೆಂಡ್ ಅದನ್ನು 1923ರಲ್ಲಿ ಕೈಬಿಟ್ಟಿತು; ನಮ್ಮ ಸಂಸತ್ತು ತಿದ್ದುಪಡಿ ತಂದದ್ದು 2001ರಲ್ಲಿ. ಆ ಎರಡು ಇಸವಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ನಾನು ತರಗತಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರಾದರೂ ಕಳೆಯುವ ಲೆಕ್ಕ ಮಾಡಿ 78 ಎನ್ನುವ ತನಕ ತಿರುಗುತ್ತಿರಲಿಲ್ಲ.